ತಿಮ್ಮರಾಯನ ಕೈಗೆ ಕೊಟ್ಟ ಬಾಟ್ಲಿ

ಆ ನಾಟಕದಲ್ಲಿ ಗಂಡ ಸಾಯುವ ಮುಂಚೆ ಒಂದು ಬಾಟ್ಲಿ ಸಾರಾಯಿ ಕುಡಿಯುತ್ತಾನೆ. ನಿಜವಾಗಿ ಸತ್ತ ತಿಮ್ಮರಾಯ ಕುಡಿದಿರಲಿಲ್ಲ. ಅವನ ಹೆಂಡತಿ ಪಿಳ್ಳಮ್ಮನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವತ್ತು ಹಗ್ಗದ ಮೇಲಿನ ತುದಿ ಅವಳ ಕೈಯಲ್ಲೇ ಇತ್ತು.

ತಾಲೀಮು ನಡೆಯುತ್ತಿದ್ದುದು ಟಿ. ನಗರದ ಕನ್ನಡ ಕೂಟದ ಹಾಲ್‌ನಲ್ಲಿ. ಪಿಳ್ಳಮ್ಮ ಆ ಹಾಲ್ ಗುಡಿಸುವವಳು. ಕುರ್ಚಿ ಒರೆಸಿ, ಕಕ್ಕಸು ತೊಳೆದು, ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋಗುವವಳು. ಆ ಸಂಜೆ ಪೊರಕೆ ಹಿಡಿದು ಬಾಗಿಲ ಹತ್ತಿರ ನಿಂತು ನೋಡಿದಳು. ಬ್ಯಾಂಕಿನ ಗುಮಾಸ್ತನೊಬ್ಬ ಚೆಡ್ಡಿ ಹಾಕಿಕೊಂಡು, ಮೈಗೆ ಮಸಿ ಬಳಿದುಕೊಂಡು ತೂರಾಡಿದ. ಬಾಟ್ಲಿ ಎತ್ತಿ ಗಟಗಟ ಕುಡಿದ. ಹೆಂಡತಿಯನ್ನು ಬೈದ. ಅವಳ ಕಾಲಿಗೇ ಬಿದ್ದ. ನೋಡುತ್ತಿದ್ದ ನಾಲ್ಕು ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅವನು ಕಕ್ಕಸಿನ ಗುಂಡಿಗೆ ಇಳಿದ, ಮೇಲೆ ಬರಲಿಲ್ಲ. ಆ ನಾಲ್ಕು ಜನವೇ ಮೂಗು ಒರೆಸಿಕೊಂಡರು.

"ಆಯ್ತು, ಸೀನ್ ಕೂತಿತು," ಎಂದು ವಿಷ್ಣುಮೂರ್ತಿ ಕೈ ಉಜ್ಜಿಕೊಂಡರು. ಅವರು ಇನ್ಶೂರೆನ್ಸ್ ಆಫೀಸಿನಲ್ಲಿ ಅಧಿಕಾರಿ, ನಾಟಕ ಬರೆದವರು. ಎರಡು ವರ್ಷದ ಹಿಂದೆ, ಹಾಲ್ ಗುಡಿಸುವವಳು ಈ ತಮಿಳು ಊರಲ್ಲೂ ಕನ್ನಡದಲ್ಲಿ ಗೊಣಗುವುದನ್ನು ಕೇಳಿ, ಕೂರಿಸಿಕೊಂಡು ಕಥೆ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದರು. ಮೊದಲು ಅದು ಕಥೆಯಾಗಿ ಪುಸ್ತಕದಲ್ಲಿ ಬಂತು. ಓದಿದವರು ಕಾಗದ ಬರೆದರು. ಒಂದಿಬ್ಬರು ಹಳೇ ಬಟ್ಟೆಯನ್ನೂ ಕಳಿಸಿದರು. ಈಗ ನಾಟಕ. ಅವರು ಕೆಟ್ಟವರಲ್ಲ. ಪಿಳ್ಳಮ್ಮನಿಗೆ ಜ್ವರ ಬಂದಾಗ ತಾವೇ ಮಾತ್ರೆ ತಂದುಕೊಟ್ಟವರು.

"ಸಾರ್, ಒಂದ್ಮಾತು."

"ಏನು ಪಿಳ್ಳಮ್ಮ? ನಿನ್ನ ಕಥೆನೇ. ಅಳು ಬಂತಾ?"

"ಆ ಬಾಟ್ಲಿ ತೆಗ್ದುಬುಡಿ ಸಾರ್. ನಮ್ಮೆಜಮಾನ್ರು ಅವತ್ತು ಕುಡಿದಿರ್ಲಿಲ್ಲ."

"ಕುಡೀತಿದ್ದ ಅಂತ ನೀನೇ ಹೇಳಿದ್ದೆಯಲ್ಲ?"

"ಹಬ್ಬಕ್ಕೆ ಕುಡೀತಿದ್ರು. ಇಲ್ಲ ಅನ್ನಲ್ಲ. ಇಳಿಯೋ ದಿನ ಬಾಯಿಗೆ ಬೀಡಿನೂ ಇಡ್ತಿರ್ಲಿಲ್ಲ. ಗುಂಡಿ ಒಳ್ಗೆ ಮೂಗೇ ಕಣ್ಣು ಸಾರ್. ಕೊಳೆತ ಮೊಟ್ಟೆ ನಾತ ಬತ್ತಿರ್ತದೆ. ಇದ್ದಕ್ಕಿದ್ದಂಗೆ ನಾತ ನಿಂತೋಯ್ತು ಅಂದ್ರೆ ಸಾವು ಬಂತು ಅಂತ. ತಕ್ಷಣ ಹಗ್ಗ ಅಲ್ಲಾಡ್ಸಬೇಕು. ಕುಡಿದೋರಿಗೆ ಅದು ಎಲ್ಲಿ ತಿಳೀತದೆ?"

ವಿಷ್ಣುಮೂರ್ತಿ ಕುರ್ಚಿಯ ತುದಿಯಲ್ಲಿ ಕೂತರು. ಅವಳಿಗೂ ಕೂತುಕೋ ಎಂದರು. ಅವಳು ಕೂರಲಿಲ್ಲ. ಅವರು ಎರಡನೆಯ ಸಲ ಹೇಳಲಿಲ್ಲ.

"ನೋಡು, ಅದು ತಿಮ್ಮರಾಯ ಅಲ್ಲ, ಪಾತ್ರ. ಮಾರ ಅಂತ ಹೆಸರಿಟ್ಟಿದ್ದೀನಿ. ಮೊದಲು ನಾನು ನೀ ಹೇಳಿದ ಹಾಗೆ ಗುಂಡಿ ಮುಚ್ಚಳ ಒಂದಿನ ತೆಗೆದಿಡೋ ವಿಷಯಾನೇ ಬರೆದಿದ್ದೆ. ಕೂಟದ ಅಧ್ಯಕ್ಷರು ಓದಿ, ಇದು ತುಂಬಾ ಟೆಕ್ನಿಕಲ್ ಆಯ್ತು ಅಂದ್ರು. ನಂಗೂ ಹೌದು ಅನ್ನಿಸ್ತು. ಮುಚ್ಚಳ ತೋರಿಸಿದ್ರೆ, ತೆಗೆದಿಡೋಕೆ ಬಿಡದೆ ಇಳಿಸಿದ್ದು ಯಾರು ಅಂತ ಜನ ಕೇಳ್ತಾರೆ. ಹಾಲ್‌ನಲ್ಲಿ ಕೂತಿರೋ ಅರ್ಧ ಜನರ ಫ್ಲ್ಯಾಟ್ ಕೆಳಗೆ ಒಂದು ಟ್ಯಾಂಕ್ ಇದೆ. ತಮ್ಮನ್ನೇ ಬೈಸಿಕೊಳ್ಳೋಕೆ ಯಾರಮ್ಮ ಭಾನುವಾರ ಸಂಜೆ ಬರ್ತಾರೆ? ಬಾಟ್ಲಿ ಇದ್ರೆ ಯಾರ ಮೇಲೂ ತಪ್ಪು ಬರಲ್ಲ. ಎಲ್ಲರೂ ನಿಶ್ಚಿಂತೆಯಾಗಿ ಅಳ್ತಾರೆ. ಮೊದಲು ಜನರನ್ನ ನಮ್ಮ ಕಡೆ ತಗೋಬೇಕು. ಬೆಂಗಳೂರಿಂದ ಎಂಎಲ್‌ಎ ಬರ್ತಿದ್ದಾರೆ. ನಿಂಗೇ ಒಳ್ಳೇದಾಗತ್ತೆ."

"ನನ್ ಮಗಳು ನೋಡ್ತಾಳೆ ಸಾರ್."

"ನೋಡಲಿ! ಮೊದಲನೇ ಸಾಲಲ್ಲಿ ಕೂರಿಸ್ತೀನಿ," ಎಂದು ವಿಷ್ಣುಮೂರ್ತಿ ಎದ್ದರು.

ಪಿಳ್ಳಮ್ಮ ಇನ್ನೊಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಮುಚ್ಚಳ ಬೇಡ ಎಂದ ಆ ಅಧ್ಯಕ್ಷರು ಬದರಿನಾಥ. ತಿಮ್ಮರಾಯ ಸತ್ತ ಅಪಾರ್ಟ್‌ಮೆಂಟಿನ ಸೆಕ್ರೆಟರಿಯೂ ಅವರೇ. ಅವಳಿಗೆ ಈ ಗುಡಿಸುವ ಕೆಲಸ ಕೊಡಿಸಿದವರೂ ಅವರೇ. ಇದನ್ನು ಅವಳು ವಿಷ್ಣುಮೂರ್ತಿಯವರಿಗೆ ಹೇಳಿರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ ಅರ್ಧ. ಉಳಿದರ್ಧ ನಾಚಿಕೆ.

ಪೋರೂರಿನ ಆ ಕಡೆಗೆ ಆಗ ಚರಂಡಿ ಪೈಪು ಬಂದಿರಲಿಲ್ಲ. ಎದ್ದ ಕಟ್ಟಡವೆಲ್ಲ ಕಾಲಬುಡದಲ್ಲಿ ಒಂದು ಗುಂಡಿ ಇಟ್ಟುಕೊಂಡೇ ಎದ್ದಿತ್ತು. ಮೇಲೆ ಇಪ್ಪತ್ತನಾಲ್ಕು ಮನೆ, ಕೆಳಗೆ ಒಂದು ಗುಂಡಿ. ತುಂಬಿದಾಗ ತಿಮ್ಮರಾಯನಿಗೆ ಹೇಳಿಕಳಿಸುತ್ತಿದ್ದರು. ಅವನು ಹೊಸೂರು ಆಚೆಯ ತಳಿ ಸೀಮೆಯವನು, ಮನೆಮಾತು ಕನ್ನಡ. ಊರಲ್ಲಿ ಕೇರಿಯವನು ಎನ್ನುತ್ತಿದ್ದರು. ಇಲ್ಲಿ ಗುಂಡಿಯವನು ಎಂದರು.

ಅವನಿಗೆ ಅವನದೇ ಕ್ರಮವಿತ್ತು. ಮೊದಲ ದಿನ ಬಂದು ಮುಚ್ಚಳ ಸರಿಸಿಟ್ಟು ಹೋಗುವುದು. ಒಂದು ಹಗಲು ಒಂದು ರಾತ್ರಿ ಗುಂಡಿ ಬಾಯಿ ತೆರೆದುಕೊಂಡಿರಬೇಕು. ಮಾರನೆಯ ದಿನ ಉದ್ದ ಗಳದಿಂದ ಕಲಕಿ, ಮತ್ತೆ ಕಾಯುವುದು. ಮೈಗೆ ಎಣ್ಣೆ, ಸೊಂಟಕ್ಕೆ ಹಗ್ಗ. ಅವನು ಒಳಗೆ ನಿಂತು ಬಕೆಟ್ ತುಂಬಿಸಬೇಕು, ಪಿಳ್ಳಮ್ಮ ಮೇಲೆ ನಿಂತು ಎಳೆಯಬೇಕು. ಎಳೆದೆಳೆದು ಅವಳ ಅಂಗೈ ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ಮನೆಗೆ ಬಂದು ಎರಡು ಸಲ ಸೋಪು ಹಚ್ಚಿ ಮಿಂದರೂ ಅನ್ನ ಕಲಸುವಾಗ ವಾಸನೆ ಬರುತ್ತಿತ್ತು.

ತೊಂಬತ್ತೊಂಬತ್ತನೆಯ ಇಸವಿ. ಬದರಿನಾಥರ ಮೊಮ್ಮಗನ ಮುಂಜಿ. ಕಾರು ನಿಲ್ಲಿಸುವ ಜಾಗದಲ್ಲಿ ಚಪ್ಪರ ಹಾಕಿದ್ದರು. ಹಿಂದಿನ ದಿನವೇ ಗುಂಡಿ ಉಕ್ಕಿತು. ತಿಮ್ಮರಾಯ ಬಂದು ಮುಚ್ಚಳ ಸರಿಸಿ, "ನಾಳೆ ಬಂದು ಇಳೀತೀನಿ ಸಾಮಿ," ಎಂದ.

"ನಾಳೆನಾ? ನಾಳೆ ಇಲ್ಲಿ ಪಂಕ್ತಿ ಕೂರತ್ತಪ್ಪಾ! ಎಲೆ ಮುಂದೆ ಕೂತೋರು ಈ ನಾತ ಕುಡೀಬೇಕಾ? ಈಗ್ಲೇ ಇಳಿ. ಸಾಯಂಕಾಲದೊಳಗೆ ಮುಚ್ಚಳ ಹಾಕಿ ಮುಚ್ಚಿಬಿಡಬೇಕು, ಆಯ್ತಾ?" ಎಂದರು ಬದರಿನಾಥ.

ತಿಮ್ಮರಾಯ ಹೆಂಡತಿಯ ಮುಖ ನೋಡಿದ. ಬೇಡ ಎಂದು ಅವಳು ಹೇಳಬಹುದಿತ್ತು. ಇಲ್ಲಿ ಒಲ್ಲೆ ಎಂದರೆ ಆ ಬೀದಿಯಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಅವಳು ಹಗ್ಗ ಬಿಚ್ಚತೊಡಗಿದಳು.

ಹನ್ನೊಂದು ಬಕೆಟ್ ಬಂತು. ಹನ್ನೆರಡನೆಯದು ಬರಲಿಲ್ಲ. ಹಗ್ಗ ಸಡಿಲವಾಯಿತು, ಆಮೇಲೆ ಭಾರವಾಯಿತು. ಅವಳು ಎಳೆದಳು. ಕೂಗಿದಳು. ಇಪ್ಪತ್ತನಾಲ್ಕು ಮನೆಯ ಬಾಲ್ಕನಿಯಲ್ಲೂ ಜನ ನಿಂತರು. ಚಪ್ಪರದಲ್ಲಿದ್ದವರು ಮಡಿ ಪಂಚೆ ಎತ್ತಿಕೊಂಡು ಹಿಂದೆ ಸರಿದರು. ಕೊನೆಗೆ ಬೀದಿಯಲ್ಲಿ ಹೋಗುತ್ತಿದ್ದ ಆಟೋದವನು ಓಡಿಬಂದು ಹಗ್ಗಕ್ಕೆ ಕೈ ಹಾಕಿದ. ಅವರಿಬ್ಬರೂ ಎಳೆದಿದ್ದು ಹೆಣವನ್ನು.

ಪೊಲೀಸ್ ಸ್ಟೇಷನ್ನಿನಲ್ಲಿ ನಾಲ್ಕು ಗಂಟೆ ಕೂರಿಸಿದ್ದರು. ಸುತ್ತ ಬರೀ ತಮಿಳಿನ ಗದರಿಕೆ. ಆಗ ಬದರಿನಾಥ ಬಂದು ಅವಳ ಎದುರು ಬಾಗಿ ಕನ್ನಡದಲ್ಲಿ ಮಾತಾಡಿದರು. "ಅಳಬೇಡಮ್ಮ. ನೀ ನಮ್ಮ ಕನ್ನಡದವಳು. ನಾ ಇದೀನಿ, ಪರವಾಯಿಲ್ಲ." ಆ ಒಂದು ಮಾತಿಗೆ ಅವಳು ಕರಗಿಹೋದಳು. ಅದೇ ಅವಳು ಮಾಡಿದ ತಪ್ಪು. ಕನ್ನಡ ಆಡುವವರೆಲ್ಲ ನಮ್ಮವರು ಎಂದುಕೊಂಡಳು. ಊರಲ್ಲಿ ಬಾವಿಯ ಹತ್ತಿರ ಬಿಡದವರೂ ಕನ್ನಡವನ್ನೇ ಆಡುತ್ತಿದ್ದರು. ಅದು ಆ ಹೊತ್ತಿನಲ್ಲಿ ಮರೆತುಹೋಯಿತು.

"ಈ ಕಾಗದದಲ್ಲಿ ಕುಡಿದು ಕಾಲು ಜಾರಿ ಬಿದ್ದ ಅಂತ ಬರೆದಿದೆ. ಹಾಗಿದ್ರೆ ಬಾಡಿ ಇವತ್ತೇ ಕೊಡ್ತಾರೆ. ಇಲ್ಲದಿದ್ರೆ ಕೊಯ್ದು ನಾಲ್ಕು ದಿನ ಇಟ್ಕೋತಾರೆ," ಎಂದರು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಕಿವಿ ಕೇಳುತ್ತಿತ್ತು. ಸುಳ್ಳು ಎಂದು ಗೊತ್ತಿತ್ತು. ಗಂಡನನ್ನು ಕತ್ತಲಾಗುವುದರೊಳಗೆ ಮಣ್ಣು ಮಾಡಬೇಕಿತ್ತು. ಹೆಬ್ಬೆಟ್ಟು ಒತ್ತಿದಳು.

ಮಗಳು ಜಯಲಕ್ಷ್ಮೀ ಆಗ ಹನ್ನೊಂದರವಳು. ಅಪ್ಪ ಕುಡಿದು ಬಿದ್ದ ಎಂದು ಬೀದಿಯೆಲ್ಲ ಹೇಳಿತು. ಇಲ್ಲ ಎಂದರೆ ಹೆಬ್ಬೆಟ್ಟಿನ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಪಿಳ್ಳಮ್ಮ ಇಲ್ಲ ಎನ್ನಲಿಲ್ಲ. ನಾಲ್ಕು ವರ್ಷ ಅನ್ನಲಿಲ್ಲ. ಹುಡುಗಿ ಗೋಡೆಯ ಮೇಲಿದ್ದ ಅಪ್ಪನ ಫೋಟೋ ತೆಗೆದು ಟ್ರಂಕಿನ ತಳಕ್ಕೆ ಹಾಕಿದ ದಿನವೂ ಅವಳು ಬಾಯಿ ಬಿಡಲಿಲ್ಲ.

ನಾಟಕದ ದಿನ ಹಾಲ್ ತುಂಬಿತ್ತು. ಗಿಂಡಿಯಿಂದ, ತಾಂಬರದಿಂದ, ಎಲ್ಲೆಲ್ಲಿಂದಲೋ ರೈಲು ಹಿಡಿದು ಬಂದಿದ್ದರು. ರೇಷ್ಮೆ ಸೀರೆ, ಮಲ್ಲಿಗೆ, ಬಾಗಿಲಲ್ಲಿ ಪನ್ನೀರು. ಬೆಳಗಿನಿಂದ ಮುನ್ನೂರು ಕುರ್ಚಿ ಜೋಡಿಸಿದ ಪಿಳ್ಳಮ್ಮ ಮಗಳನ್ನು ಕರೆದುಕೊಂಡು ಮೊದಲ ಸಾಲಿಗೆ ಹೋದಳು. ಸ್ವಯಂಸೇವಕನೊಬ್ಬ ತಡೆದ. "ನೀವಿಬ್ಬರು ಬಾಗಿಲ ಹತ್ತಿರ ಕೂತ್ಕೊಳ್ಳಿ. ಕರೆದಾಗ ಬರೋಕೆ ಸುಲಭ." ಅಲ್ಲಿಂದ ವೇದಿಕೆ ಹತ್ತಿರವೇನೂ ಇರಲಿಲ್ಲ.

ತೃಪ್ತಿ ಎಂಬ ಹುಡುಗಿ ಪಿಳ್ಳಮ್ಮನ ಪಾತ್ರ ಮಾಡಿದ್ದಳು. ಪೊರಕೆ ಹಿಡಿಯುವುದನ್ನು ಕಲಿಯಲು ಮೂರು ದಿನ ಬಂದಿದ್ದಳು. ಪಿಳ್ಳಮ್ಮನ ಹಳೇ ಸೀರೆಯನ್ನೇ ಕೇಳಿ ಪಡೆದು, ಡ್ರೈಕ್ಲೀನ್ ಮಾಡಿಸಿ ಉಟ್ಟಿದ್ದಳು. ಚೆನ್ನಾಗಿ ಮಾಡಿದಳು. ಬ್ಯಾಂಕಿನ ಗುಮಾಸ್ತ ಇನ್ನೂ ಚೆನ್ನಾಗಿ ತೂರಾಡಿದ. ಜನ ಶಿಳ್ಳೆ ಹಾಕಿ ನಕ್ಕರು. ಜಯಲಕ್ಷ್ಮೀ ತಲೆ ತಗ್ಗಿಸಿ ದಾವಣಿಯ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು.

ಆಮೇಲೆ ಹೆಣ ಬಂತು. ಹೆಬ್ಬೆಟ್ಟು ಒತ್ತಿಸಲು ಕಾಗದ ಹಿಡಿದು ಪೊಲೀಸ್ ಬಂದ. ವೇದಿಕೆಯ ಹೆಂಗಸು ಕಾಗದ ಕಸಿದು ಚೂರು ಚೂರು ಹರಿದು, ಗಂಡನ ಎದೆಯ ಮೇಲೆ ಬಿದ್ದು, "ಕುಡುಕನಾದರೂ ನನ್ನ ಗಂಡ" ಎಂದು ಗೋಳಾಡಿದಳು. ಹಾಲ್ ಪೂರ್ತಿ ಅತ್ತಿತು. ಪಿಳ್ಳಮ್ಮನೂ ಅತ್ತಳು. ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಾ ಅಳುತ್ತಾ ತಟ್ಟನೆ ಅವಳಿಗೆ ಗೊತ್ತಾಯಿತು, ತಾನು ಅಳುತ್ತಿರುವುದು ತಿಮ್ಮರಾಯನಿಗಲ್ಲ. ಆ ಕುಡುಕನಿಗೆ. ಕಾಗದ ಹರಿದ ಆ ಹೆಂಗಸಿಗೆ. ಸೆರಗನ್ನು ಬಾಯಿಂದ ತೆಗೆದಳು.

ಎಂಎಲ್‌ಎ ಮಾತಾಡಿದರು. ತಮ್ಮ ಕಣ್ಣಲ್ಲಿ ನೀರು ಬಂತು ಎಂದರು. ಈ ಕುಡಿತದ ಪಿಡುಗು ಎಷ್ಟು ಬಡ ತಾಯಂದಿರ ತಾಳಿ ಕಿತ್ತುಕೊಂಡಿದೆ ಎಂದರು. ಮದ್ಯಪಾನದ ವಿರುದ್ಧ ಪಾದಯಾತ್ರೆ ಮಾಡುವುದಾಗಿ ಹೇಳಿದರು. ಜೋರು ಚಪ್ಪಾಳೆ. ಗುಂಡಿಯ ಮಾತು ಒಂದು ಸಲವೂ ಬರಲಿಲ್ಲ. ಪಕ್ಕದಲ್ಲಿ ಬದರಿನಾಥ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಅಳು ಸುಳ್ಳಲ್ಲ. ಅವರು ನಿಜವಾಗಿಯೇ ಅಳುತ್ತಿದ್ದರು.

ವಿಷ್ಣುಮೂರ್ತಿ ಮೈಕ್ ಹಿಡಿದರು. "ಇದು ಕಟ್ಟುಕಥೆಯಲ್ಲ, ಅಕ್ಷರಕ್ಷರ ನಿಜ. ಆ ತಾಯಿ ಇಲ್ಲೇ ನಮ್ಮ ನಡುವೆ ಇದ್ದಾರೆ. ಪಿಳ್ಳಮ್ಮನವರೇ, ದಯವಿಟ್ಟು ನೀವು ವೇದಿಕೆಗೆ ಬರಬೇಕು."

ಎರಡು ವರ್ಷ ನೀನು ಎಂದವರು ಮೈಕ್ ಮುಂದೆ ನೀವು ಎಂದರು. ತಾಲೀಮಿನ ದಿನ ಬರೀ ಪಾತ್ರವಾಗಿದ್ದ ಕುಡುಕ ಇವತ್ತು ಅಕ್ಷರಕ್ಷರ ನಿಜವಾದ.

ಜಯಲಕ್ಷ್ಮೀ ಅಮ್ಮನ ಮೊಣಕೈ ಹಿಡಿದಳು. "ಪೋಗಾದೆ ಅಮ್ಮಾ. ಹೋಗ್ಬೇಡ. ಎಲ್ಲಾರೂ ನೋಡ್ತಾರೆ, ಅಸಿಂಗಮಾ ಇರುಕ್ಕು, ಅವಮಾನ."

ಪಿಳ್ಳಮ್ಮ ಎದ್ದಳು. ಎಲ್ಲರೂ ತಿರುಗಿದರು. ಮೂರು ಮೆಟ್ಟಿಲು ಹತ್ತಿದಳು. ಬೆಳಗ್ಗೆ ತಾನೇ ಒರೆಸಿದ ಮೆಟ್ಟಿಲು. ಎಂಎಲ್‌ಎ ಶಾಲು ಬಿಡಿಸಿ ಎರಡು ತುದಿ ಹಿಡಿದು, ಮೈ ತಾಗದ ಹಾಗೆ ದೂರದಿಂದ ಚಾಚಿದರು. ಕ್ಯಾಮೆರಾದವನು ಬಗ್ಗಿದ. ಪಿಳ್ಳಮ್ಮ ಅಂಗೈ ಅಡ್ಡ ಹಿಡಿದಳು.

"ಬ್ಯಾಡ ಸಾಮಿ. ಮೊದ್ಲು ಒಂದ್ಮಾತು ಹೇಳ್ತೀನಿ."

ವಿಷ್ಣುಮೂರ್ತಿ ಸಂತೋಷದಿಂದಲೇ ಮೈಕ್ ಕೊಟ್ಟರು.

"ನಮ್ಮೆಜಮಾನ್ರು ಅವತ್ತು ಕುಡಿದಿರ್ಲಿಲ್ಲ."

ಹಾಲ್ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಪಾಪ, ಈಗಲೂ ಗಂಡನ್ನ ಬಿಟ್ಟುಕೊಡಲ್ಲ ನೋಡ್ರೀ," ಎಂದು ಮತ್ತೆ ಕಣ್ಣೊರೆಸಿಕೊಂಡಳು.

"ಕೈ ತಟ್ಬ್ಯಾಡಿ."

ಇನ್ನೂ ಒಂದಿಬ್ಬರು ತಟ್ಟಿದರು.

"ಕೈ ತಟ್ಬ್ಯಾಡಿ ಅಂದೆ!"

ನಿಂತಿತು.

"ನಾಟಕದಲ್ಲಿ ಪೇಪರ್ ಹರಿದ್ಳಲ್ಲ, ಆ ಹೆಂಗ್ಸು ನಾನಲ್ಲ. ನಾನು ಹರೀಲಿಲ್ಲ. ಕುಡಿದಿದ್ದ ಅಂತ ಬರ್ದಿದ್ರು. ಸುಳ್ಳು ಅಂತ ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿದೆ. ಹೆಣ ಬೇಗ ಸಿಗ್ಲಿ ಅಂತ ಒತ್ತಿದೆ. ಗುಂಡಿ ಮುಚ್ಚಳ ತೆಗ್ದು ಒಂದಿನ ಬುಡಬೇಕು. ಅವರು ನಾಳೆ ಇಳೀತೀನಿ ಅಂದ್ರು. ನಾಳೆ ಮುಂಜಿ, ಊಟದ ಹೊತ್ಗೆ ನಾತ ಬತ್ತದೆ, ಈಗ್ಲೇ ಇಳಿ ಅಂದ್ರು. ಅಂದೋರು, ಪೇಪರಿಗೆ ಒತ್ತಿಸ್ದೋರು ಇವ್ರು. ಹಗ್ಗ ಬಿಚ್ಚಿ ಕೊಟ್ಟೋಳು ನಾನು."

ಅವಳು ಕೈ ಮಾಡಿದ ಕಡೆ ಬದರಿನಾಥ ಕೂತಿದ್ದರು. ಒದ್ದೆಯಾದ ಕರವಸ್ತ್ರ ಇನ್ನೂ ಕೈಯಲ್ಲಿತ್ತು.

"ಏನಮ್ಮಾ ಇದು? ನಿನಗೆ ನಾನು ಎಷ್ಟು ಮಾಡಿಲ್ಲ? ಕೆಲಸ ಕೊಡಿಸಿದ್ದು ಯಾರು?"

"ನೀವೇ ಸಾಮಿ. ಅದಕ್ಕೇ ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದೆ. ನಂಗೆ ನಾಚ್ಕೆ ಆಗ್ತದೆ."

ಮೈಕ್ ನಿಂತುಹೋಯಿತು. ಯಾರೋ ತಂತಿ ಎಳೆದಿದ್ದರು. ಇನ್ಯಾರೋ ಕೂಗಿ ಹೇಳಿದರು, "ಹಿಂದುಗಡೆ ಕೇಸರಿಭಾತು, ಕಾಫಿ ಇದೆ, ಎಲ್ಲರೂ ದಯಮಾಡಿಸಬೇಕು!" ಕುರ್ಚಿಗಳು ಕಿರುಗುಟ್ಟಿದವು. ಅಷ್ಟೊಂದು ಅತ್ತವರಲ್ಲಿ ಒಬ್ಬರೂ ವೇದಿಕೆಯ ಕಡೆ ಬರಲಿಲ್ಲ. ಅವಳ ಕಣ್ಣು ತಪ್ಪಿಸಿಕೊಂಡು ಕಾಫಿಯ ಕಡೆ ನಡೆದರು. ಅವರಿಗೂ ನಾಚಿಕೆಯಾಗಿತ್ತೋ, ಕೋಪ ಬಂದಿತ್ತೋ, ಹೇಳುವುದು ಕಷ್ಟ. ಬೆನ್ನು ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ವಿಷ್ಣುಮೂರ್ತಿ ಬಿಳಿಚಿಕೊಂಡಿದ್ದರು. ಹತ್ತಿರ ಬಂದು ಮೆಲ್ಲಗೆ, "ನಂಗೆ ಇದನ್ನ ಮೊದಲೇ ಹೇಳಬಾರದಿತ್ತಾ ಪಿಳ್ಳಮ್ಮ?" ಎಂದರು.

"ಬಾಟ್ಲಿ ತೆಗೀರಿ ಅಂದೆನಲ್ಲ ಸಾರ್."

ಅವಳು ಇಳಿದು ಬಂದಳು. ಅವತ್ತು ಮುಂಬಾಗಿಲಿನಿಂದಲೇ ಹೋದಳು. ಕುರ್ಚಿ ಮಡಿಸಲಿಲ್ಲ, ಎಲೆ ಎತ್ತಲಿಲ್ಲ.

ಬಸ್ ಸ್ಟಾಪಿನಲ್ಲಿ ಜಯಲಕ್ಷ್ಮೀ ನಾಲ್ಕು ಹೆಜ್ಜೆ ದೂರ ನಿಂತಿದ್ದಳು. ಯಾವತ್ತೂ ಅಮ್ಮನ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುವವಳು, ಈಗ ಒಡಕು ಕನ್ನಡದಲ್ಲಿ ಶುರು ಮಾಡಿದಳು.

"ಸ್ಕೂಲಲ್ಲಿ ಅಪ್ಪಾ ಎಲ್ಲಿ ಅಂತ ಕೇಳಿದ್ರೆ ಊರಲ್ಲಿ ಇದಾರೆ ಅಂತ ಪೊಯ್, ಸುಳ್ಳು ಹೇಳ್ತಿದ್ದೆ. ಕುಡಿದು ಸತ್ರು ಅಂತ ಹೇಳೋಕೆ ವೆಕ್ಕಮಾ, ನಾಚಿಕೆ ಇತ್ತು. ನಾಲ್ಕು ವರ್ಷ ಅಮ್ಮಾ. ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಫೋಟೋ ತೆಗ್ದಾಗ್ಲೂ ನೋಡ್ತಾ ಇದ್ದೆ ನೀನು."

ಬಸ್ ಬಂತು. ಮಗಳು ಮುಂದೆ ಹೋಗಿ ಕಿಟಕಿಯ ಪಕ್ಕ ಕೂತಳು. ಪಕ್ಕದ ಸೀಟು ಖಾಲಿ ಇತ್ತು. ಕೂರುವ ಮುಖವಿಲ್ಲದೆ ಪಿಳ್ಳಮ್ಮ ಪೋರೂರಿನವರೆಗೂ ಕಂಬಿ ಹಿಡಿದು ನಿಂತಳು. ಇಳಿಯುವ ಹೊತ್ತಿಗೆ ಜಯಲಕ್ಷ್ಮೀ ತಿರುಗಿ ನೋಡದೆ ಕೇಳಿದಳು.

"ಅಲ್ಲಿ ಹೇಳಿದ್ಯಲ್ಲ, ಅದನ್ನ ಪೊಲೀಸ್ ಸ್ಟೇಷನ್ನಲ್ಲಿ ಹೇಳ್ತೀಯಾ? ಅಲ್ಲಿ ಲೈಟ್ ಇರಲ್ಲ, ಯಾರೂ ಕೈ ತಟ್ಟಲ್ಲ."

"ನಡಿ, ನಾಳೆ ಹೋಗವಾ."

ಮಾರನೆಯ ದಿನ ಹತ್ತು ಗಂಟೆಗೆ ಹೋದರು. ದೂರು ಬರೆದುಕೊಳ್ಳುವ ರೈಟರ್, ಇವರ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿದ.

"ಎಂದ ಕಟ್ಚಿ? ಯಾವ ಪಾರ್ಟಿ, ಯಾವ ಸಂಘ ಕಳಿಸಿದ್ದು?"

"ಯಾವ ಪಾರ್ಟಿನೂ ಇಲ್ಲ ಸಾರ್. ನಾವೇ ಬಂದಿದ್ದು," ಎಂದಳು ಜಯಲಕ್ಷ್ಮೀ ತಮಿಳಿನಲ್ಲಿ.

ಹಾಗಾದರೆ ಕಾಯಿರಿ ಎಂದ. ಎರಡು ಗಂಟೆಯವರೆಗೆ ಬೆಂಚಿನ ಮೇಲೆ ಕಾದರು. ಮಗಳು ಹೊರಗೆ ಹೋಗಿ ಒಂದು ಬನ್ನು ತಂದಳು, ಅರ್ಧ ಮುರಿದು ಅಮ್ಮನ ಕಡೆ ಚಾಚಿದಳು, ಮುಖ ನೋಡಲಿಲ್ಲ. ಕೊನೆಗೆ ರೈಟರ್ ಕರೆದ. ಬಿಳಿ ಹಾಳೆ ಎಳೆದುಕೊಂಡು ಪೆನ್ನಿನ ಕ್ಯಾಪ್ ತೆಗೆದ.

ಪಿಳ್ಳಮ್ಮ ಎದ್ದು ನಿಂತಳು. "ಗುಂಡಿ ಮುಚ್ಚಳ ತೆಗ್ದು ಒಂದಿನ ಬುಡಬೇಕು ಸಾರ್," ಎಂದು ಶುರು ಮಾಡಿದಳು. ಜಯಲಕ್ಷ್ಮೀ ಅದನ್ನು ತಮಿಳಿಗೆ ತಿರುಗಿಸಿ ಹೇಳಿದಳು. ಗಳದಿಂದ ಕಲಕುವುದು, ಕಾಯುವುದು, ಹಗ್ಗ, ಮೂಗು. ಒಂದೊಂದೇ. ಅಪ್ಪ ಹೇಗೆ ಕೆಲಸ ಮಾಡುತ್ತಿದ್ದ ಎಂದು ಹುಡುಗಿಗೆ ತಿಳಿದದ್ದು ಅದೇ ಮೊದಲು. ಒಂದು ಕಡೆ ಅವಳ ದನಿ ನಿಂತಿತು, ಮತ್ತೆ ಮುಂದುವರಿಯಿತು.

"ಅಳೋದೆಲ್ಲ ಆಮೇಲೆ. ಮೊದಲು ವಿಷಯ ಹೇಳಮ್ಮ," ಎಂದ ರೈಟರ್, ಹಾಳೆಯಿಂದ ತಲೆ ಎತ್ತದೆ.

ಪಿಳ್ಳಮ್ಮ ಅಳುತ್ತಿರಲಿಲ್ಲ.